ಕೆಮ್ಮಿಸದ ಹೊಗೆ

ಹೋದ ತಿಂಗಳು ಪಕ್ಕದ ಮನೆಯಲ್ಲಿ ಮಗುವಿನ ನಾಮಕರಣ. ಬೆಳಿಗ್ಗೆಯೇ ಕರೆಂಟು ಕೈಕೊಟ್ಟಿತೆಂದು ಬಾಡಿಗೆಗೆ ಒಂದು ಜನರೇಟರ್ ತಂದು ನಮ್ಮ ಅಡಿಗೆಮನೆಯ ಕಿಟಕಿಯ ಕೆಳಗೇ ಇಟ್ಟು ಚಾಲೂ ಮಾಡಿದರು. ಪೆಟ್ರೋಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಸೌಟು ಬಿಟ್ಟು ಆ ಕಿಟಕಿ ಮುಚ್ಚಿ, ಉಳಿದ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು ಅಂಗಳಕ್ಕೆ ಓಡಿದೆ. ಎಪ್ಪತ್ತರ ಹತ್ತಿರದ ಮುದುಕಿ ಓಡುವುದೆಂದರೆ ಎಷ್ಟು ಚಂದವೋ ಅಷ್ಟೇ ಚಂದವಾಗಿ. ನನಗೆ ಈ ಭಯವನ್ನು ಕಲಿಸಿದವರು ಕೊಟ್ಟಿಗೆಹಾರದ ಇಂಜಿನ್ ಸಾಬರು...

ಎಂಬತ್ತರ ದಶಕದ ಮಾತು. ನನ್ನ ಯಜಮಾನರು ಜಾವಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಎಸ್ಟೇಟಿಗೆ ದೊಡ್ಡ ಜನರೇಟರ್ ಬಂದಾಗ ಹಳೆಯ ಚಿಕ್ಕದು ನಮ್ಮ ಕ್ವಾರ್ಟರ್ಸಿಗೆ ಬಂತು. ಇಬ್ಬರು ಹಿಡಿದರೆ ಎತ್ತಬಹುದಾದ ಪೆಟ್ರೋಲ್ ಮಿಷನ್. ಮಳೆಗಾಲದಲ್ಲಿ ಕರೆಂಟು ಹೋದರೆ ವಾರಗಟ್ಟಲೆ ಪತ್ತೆಯಿರುತ್ತಿರಲಿಲ್ಲ. ನಾನೋ ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡು ಸುತ್ತಲಿನ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದೆ. ಜನರೇಟರ್ ಬಂದ ಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ.

ತಿಂಗಳಿಗೊಮ್ಮೆ ಸಾಬರು ಬೆಳಗಿನ ಬಸ್ಸಿಗೆ ಬಂದು ಅದರ ಆರೋಗ್ಯ ವಿಚಾರಿಸಿಕೊಂಡು ಹೋಗುತ್ತಿದ್ದರು. ಆಯಿಲ್ ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿ ನೋಡುವುದು, ಪ್ಲಗ್ ಬಿಚ್ಚಿ ಮಸಿ ಕೆರೆಯುವುದು, ಏರ್ ಫಿಲ್ಟರಿನ ಧೂಳು ತಟ್ಟುವುದು. ಮಾತು ಕಡಿಮೆ. ಆದರೆ ಮೊದಲ ದಿನವೇ ಹಿತ್ತಲಿನಲ್ಲಿ ಮನೆಯ ಗೋಡೆಯಿಂದ ಕೈ ಚಾಚಿ ಹತ್ತು ಮಾರು ಅಳೆದು, ಅಲ್ಲಿ ನಾಲ್ಕು ಗೂಟ ನೆಡಿಸಿ ಮೇಲೆ ತಗಡು ಹಾಕಿಸಿದ್ದರು.

"ಮಿಷನ್ ಇಲ್ಲೇ ಇರ್ಬೇಕು ಅಮ್ಮ. ಒಳಗೆ ತರೋದೇ ಬೇಡ. ಪೆಟ್ರೋಲ್ ಮುಗೀತು ಅಂದ್ರೆ ಆಫ್ ಮಾಡಿ, ಒಂದು ಲೋಟ ಕಾಫಿ ಕುಡಿಯೋಷ್ಟು ಹೊತ್ತು ಆರ್ಲಿಕ್ಕೆ ಬಿಡಿ. ಆಮೇಲೆ ಹಾಕಿ."

ಮನೆಯ ಮೈನಿಗೆ ಇದರ ವೈರು ಕೊಡಬಹುದಲ್ಲ ಎಂದು ಯಜಮಾನರು ಕೇಳಿದ್ದಕ್ಕೆ, "ಕಂಬ ಹತ್ತಿರೋ ಲೈನ್‌ಮನ್‌ಗೂ ಹೆಂಡ್ತಿ ಮಕ್ಕಳು ಇದಾರೆ ಸ್ವಾಮಿ" ಎಂದಿದ್ದರು. ಮಿಷನ್ನಿನ ಕರೆಂಟು ಮೈನಿನ ಮೂಲಕ ಕಂಬದ ತಂತಿಗೂ ಹರಿದೀತೆಂಬ ಭಯ ಅವರಿಗೆ. ಅಲ್ಲಿಗೆ ಆ ವಿಷಯ ಮುಗಿಯಿತು. ಮೋಟಾರಿಗೆ ಬೇರೆಯೇ ಒಂದು ವೈರು ಎಳೆದುಕೊಟ್ಟರು.

ಸಾಬರು ಜಗಲಿ ದಾಟಿ ಒಳಗೆ ಬಂದವರಲ್ಲ. ನಮ್ಮತ್ತೆಯ ಮಡಿ ಅವರಿಗೆ ಗೊತ್ತಿತ್ತು. ಸ್ನಾನ ಮಾಡದೆ ಒಲೆಯ ಬಳಿ ಸುಳಿದರೆ ಅತ್ತೆ ನನ್ನನ್ನೇ ಬಿಡುತ್ತಿರಲಿಲ್ಲ. ಸಾಬರ ಕಾಫಿಗೆ ಜಗಲಿಯ ಗೂಡಿನಲ್ಲಿ ಬೇರೆ ಲೋಟ ಇತ್ತು. ಕುಡಿದು, ತಾವೇ ತೊಳೆದು ಬೋರಲು ಹಾಕುತ್ತಿದ್ದರು. ಅದನ್ನು ನೋಡಿ ನನಗೆ ನಾಚಿಕೆಯಾಗುತ್ತಿತ್ತು. ಆದರೆ ನಾನು ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ ಎನ್ನುವುದೂ ನಿಜ.

ಆ ವರ್ಷ ಗೌರಿ ಹಬ್ಬಕ್ಕೆ ನಾಲ್ಕು ದಿನವಿತ್ತು. ನನ್ನ ಮುಂದೆ ರವಿಕೆ ಬಟ್ಟೆಯ ರಾಶಿ. ಗಾಳಿಮಳೆಗೆ ಹಿತ್ತಲಿನ ತಗಡು ಹಾರಿಹೋಗಿತ್ತು. ನಾನು ಆಳಿನ ಹೆಂಗಸನ್ನು ಕರೆದು ಮಿಷನ್ನನ್ನು ಬಚ್ಚಲಮನೆಗೆ ಸಾಗಿಸಿ, ಒಲೆಯಿಂದ ದೂರ, ಸೌದೆಯ ಮೂಲೆಯಲ್ಲಿ ಇಡಿಸಿದೆ. ಹೇಗಿದ್ದರೂ ಬೆಳಗಿನಿಂದ ಸಂಜೆಯವರೆಗೆ ಒಲೆ ಹೊಗೆಯಾಡುವ ಜಾಗ. ಗೋಡೆಯೆಲ್ಲ ಕಪ್ಪು. ಅಷ್ಟು ಹೊಗೆಯ ಜೊತೆ ಇನ್ನಿಷ್ಟು ಹೊಗೆ, ಅಷ್ಟೇ ತಾನೇ ಎಂದುಕೊಂಡೆ. ಹುಟ್ಟಿದಂದಿನಿಂದ ಹೊಗೆಯಲ್ಲೇ ಬೆಳೆದವರು ನಾವು, ಹೊಗೆಗೆ ಹೆದರುವುದುಂಟೇ. ಎರಚಲು ಹೊಡೆಯುತ್ತದೆಂದು ಕಿಟಕಿಯನ್ನೂ ಮುಚ್ಚಿದೆ. ಇದಿಷ್ಟೂ ನನ್ನದೇ ಬುದ್ಧಿವಂತಿಕೆ. ಯಾರ ಮೇಲೂ ಹಾಕುವ ಹಾಗಿಲ್ಲ.

ಅತ್ತೆಗೆ ಬೆಳಗಿನ ಸ್ನಾನವಾದ ಮೇಲೆ ಬಚ್ಚಲೊಲೆಯ ಮುಂದೆ ಕೂತು ಮೈ ಕಾಯಿಸುವ ಅಭ್ಯಾಸ. ಅಂದೂ ಕೂತರು. ನಾನು ಮುಂದಿನ ಕೋಣೆಯಲ್ಲಿ ಹೊಲಿಯುತ್ತಿದ್ದೆ.

ಅಂದೇ ಸಾಬರು ಬರುವ ದಿನ. ಗೇಟಿನ ಬಳಿ ಕೊಡೆ ಮಡಚುತ್ತಲೇ ಕೇಳಿದರು, "ಮಿಷನ್ ಸದ್ದು ಎಲ್ಲಿಂದ ಬರ್ತಿದೆ?"

"ಬಚ್ಚಲಲ್ಲಿ ಇಟ್ಟಿದೀನಿ. ತಗಡು ಹಾರಿಹೋಯ್ತು."

"ಅಲ್ಲಿ ಯಾರಿದಾರೆ?"

"ಅತ್ತೆ. ಬೆಂಕಿ ಕಾಯಿಸ್ತಿದಾರೆ."

ಕೊಡೆ ಅಲ್ಲೇ ಬಿತ್ತು. ಬಚ್ಚಲಿಗೆ ದಾರಿ ಅಡಿಗೆಮನೆಯೊಳಗಿನಿಂದಲೇ. ಕೆಸರು ಮೆತ್ತಿದ ಚಪ್ಪಲಿಯಲ್ಲೇ ಸಾಬರು ಜಗಲಿ ಹತ್ತಿ, ನಡುಮನೆ ದಾಟಿ, ಅತ್ತೆ ಬೆಳಿಗ್ಗೆ ಸಾರಿಸಿದ್ದ ಅಡಿಗೆಮನೆಯ ನೆಲ ತುಳಿದು ಓಡಿದರು. ನಾನು ಹಿಂದೆ ಹೋಗುವಷ್ಟರಲ್ಲಿ ಮಿಷನ್ ನಿಂತಿತ್ತು. ಅತ್ತೆ ಗೋಡೆಗೊರಗಿ ತೂಕಡಿಸುವವರ ಹಾಗೆ ಕತ್ತು ವಾಲಿಸಿದ್ದರು. ಕರೆದರೆ ಓ ಅನ್ನಲಿಲ್ಲ. ಸಾಬರು ಎರಡೂ ತೋಳಿನಲ್ಲಿ ಎತ್ತಿಕೊಂಡು ಬಂದು ಜಗಲಿಯ ಗಾಳಿಯಲ್ಲಿ ಮಲಗಿಸಿದರು. ಎಸ್ಟೇಟಿನ ಜೀಪು ಬರುವಷ್ಟರಲ್ಲಿ ಅತ್ತೆ ಕಣ್ಣು ಬಿಟ್ಟು ವಾಂತಿ ಮಾಡಿಕೊಂಡರು. ಮೂಡಿಗೆರೆಯ ಡಾಕ್ಟರು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು.

ಜೀಪು ಬರುವವರೆಗೂ ನಾನು ಅಳುತ್ತಲೇ ಇದ್ದೆ. ಸಾಬರು ಗದರಲಿಲ್ಲ. "ಒಲೆ ಹೊಗೆ ಒಳ್ಳೇದು ಅಮ್ಮ. ಕೆಮ್ಮು ಬರ್ಸಿ ಹೊರಗೆ ಓಡಿಸ್ತದೆ. ಇದು ಕೆಮ್ಮಿಸಲ್ಲ, ಮಲಗಿಸ್ತದೆ" ಎಂದರು. ಒಲೆಯಿರುವ ಕೋಣೆಯಲ್ಲಿ ಪೆಟ್ರೋಲಿಗೆ ಬೆಂಕಿ ಹತ್ತದಿದ್ದದ್ದೇ ನಮ್ಮ ಪುಣ್ಯ ಎಂದೂ ಹೇಳಿದರು. ಆಮೇಲೆ ತಮ್ಮ ಕಾಲು ನೋಡಿಕೊಂಡು, ತಗ್ಗಿದ ದನಿಯಲ್ಲಿ, "ಚಪ್ಪಲಿ ಬಿಡ್ಲಿಕ್ಕೆ ಆಗ್ಲಿಲ್ಲ. ಅಮ್ಮಾವ್ರಿಗೆ ಹೇಳಿ, ತಪ್ಪು ತಿಳ್ಕೊಳ್ಳೋದು ಬೇಡ ಅಂತ" ಎಂದರು. ಆ ಮಾತು ನನಗೆ ಈಗಲೂ ಚುಚ್ಚುತ್ತದೆ.

ಮುಂದಿನ ತಿಂಗಳು ಸಾಬರು ಬಂದು, ಹೊಸ ತಗಡಿನ ಕೆಳಗೆ ಕೆಲಸ ಮುಗಿಸಿ ಎಂದಿನಂತೆ ಜಗಲಿಯಲ್ಲಿ ಕೂತರು. ಒಳಗಿನಿಂದ ಅತ್ತೆಯ ದನಿ ಬಂತು.

"ಅವ್ರನ್ನ ಒಳಗೆ ಕರಿ. ಅಲ್ಲಿ ಎರಚಲು ಹೊಡೀತದೆ."

ಹೊರಗೆ ಸುಡುಬಿಸಿಲು. ಸಾಬರು ಎದ್ದು ನಿಂತರು, ಹೆಜ್ಜೆ ಇಡಲಿಲ್ಲ. "ಬೇಡ ಅಮ್ಮಾವ್ರೇ, ಕೈಯೆಲ್ಲ ಆಯಿಲು."

"ಅವತ್ತು ಚಪ್ಪಲಿ ಹಾಕ್ಕೊಂಡೇ ಬಂದ್ರಲ್ಲ, ಇವತ್ತೇನು ನಾಚಿಕೆ?"

ಅಡಿಗೆಮನೆಯಲ್ಲಿ ಅತ್ತೆ ಮಣೆ ಹಾಕಿದ್ದರು. ನಮ್ಮೆಲ್ಲರ ಲೋಟಗಳ ಸಾಲಿನಿಂದಲೇ ಒಂದನ್ನು ತೆಗೆದು ಕಾಫಿ ಕೊಟ್ಟರು. ತೊಳೆಯಲು ಸಾಬರು ಎದ್ದರೆ ಅವರ ಕೈಯಿಂದ ಲೋಟ ಕಸಿದುಕೊಂಡರು. ಉಪಕಾರವಾಯಿತು ಎಂದು ಅತ್ತೆ ಒಮ್ಮೆಯೂ ಹೇಳಲಿಲ್ಲ. ಹೇಳಿಯಾಗಿದೆ ಎಂದೇ ಅವರ ಲೆಕ್ಕ. ನಾನು ಮಾತ್ರ ಇನ್ನೊಮ್ಮೆ ಬಂದಾಗ ಹೇಳೋಣ, ಇನ್ನೊಮ್ಮೆ ಹೇಳೋಣ ಎಂದು ಮುಂದೂಡುತ್ತಲೇ ಹೋದೆ. ಯಜಮಾನರಿಗೆ ಆಲ್ದೂರಿನ ಕಡೆ ಕೆಲಸವಾಗಿ ನಾವು ಹೊರಟುಬಂದೆವು. ಸಾಬರು ತೀರಿಕೊಂಡ ಸುದ್ದಿ ಬಸ್ಸಿನ ಕಂಡಕ್ಟರ್ ಬಾಯಿಂದ ಗೊತ್ತಾದಾಗ ಅವರು ಹೋಗಿ ಆರು ತಿಂಗಳು ಕಳೆದಿತ್ತು...

ನಾಮಕರಣದ ದಿನ ನನ್ನ ಗಲಾಟೆಗೆ ಜನರೇಟರ್‌ನವರು ನಕ್ಕರು. ಆದರೂ ನಾನು ಕೈ ಚಾಚಿ ಅಳೆದು ತೋರಿಸಿದ ಬೇಲಿಯ ಪಕ್ಕಕ್ಕೆ ಮಿಷನ್ ಒಯ್ದರು. ಇನ್ನೂ ಬಿಸಿಯಿದ್ದ ಮಿಷನ್ನಿಗೆ ಅವರಲ್ಲೊಬ್ಬ ಪೆಟ್ರೋಲ್ ಸುರಿಯಲು ಹೋದ. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಆರಲಿ ಎಂದು ತಡೆದೆ.

"ಕಾಫಿ ಯಾರು ಕೊಡ್ತಾರೆ ಅಜ್ಜಿ?"

"ನಾನೇ. ಒಳಗೆ ಬಾ ಮಾರಾಯ."

ಅಡಿಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತ ಆತ, ಇದನ್ನೆಲ್ಲ ಯಾರು ಕಲಿಸಿದ್ದು ಎಂದು ಕೇಳಿದ. ಮೆಕ್ಯಾನಿಕ್ ಎನ್ನಲು ಬಾಯಿ ತೆರೆದವಳು, "ನಮ್ಮ ಮನೆಯವರೇ ಒಬ್ಬರು" ಎಂದೆ. ಅವರು ಇದ್ದಾಗಲೇ, ಅವರ ಎದುರಿಗೇ ಆಡಬೇಕಿದ್ದ ಮಾತು ಅದು.