ಹೀರಾಳ ಹಿಡಿಕೆ ಕನ್ನಡಕ

ಚೆಂಡಿಯಾ ಊರಿನ ಮನೆ ನೌಕಾನೆಲೆಯ ಭೂಸ್ವಾಧೀನಕ್ಕೆ ಹೋದ ವರ್ಷ ಮೈದುನ ದುರ್ಗಪ್ಪ ಒಂದು ಕಾಗದ ಓದಿ ಹೇಳಿದ್ದ. ಹೀರಾ ನಂಬಿ ಹೆಬ್ಬೆಟ್ಟು ಒತ್ತಿದ್ದಳು. ತೀರಿಹೋದ ಗಂಡನ ಪಾಲಿನ ಪರಿಹಾರದ ಹಣವನ್ನೆಲ್ಲ ದುರ್ಗಪ್ಪನಿಗೇ ಬಿಟ್ಟುಕೊಟ್ಟಿದ್ದೇನೆಂಬ ಸಾಲನ್ನು ಅವನು ಓದಿಯೇ ಇರಲಿಲ್ಲ. ಆಮೇಲೆ, ನಲವತ್ತರ ಹತ್ತಿರದ ವಯಸ್ಸಿನಲ್ಲಿ, ಕಾರವಾರದ ಮೀನುಪೇಟೆಯಲ್ಲಿ ಬುಟ್ಟಿಯ ಪಕ್ಕ ಕೂತು ಹಳೇ ಪೇಪರಿನ ದಪ್ಪ ಅಕ್ಷರಗಳಿಂದ ಆಕೆ ಓದು ಕಲಿತಳು. ಬರಬರುತ್ತ ಕನ್ನಡಕವೂ ಬಂತು.

ಈ ವರ್ಷ ಮೂಗಿನ ಮೇಲಿನ ಗಂಟು ತೆಗೆಸಿದ್ದಾಯಿತು. ಮೂರು ತಿಂಗಳು ಮೂಗಿಗೆ ಏನೂ ತಾಗಿಸಬಾರದೆಂದರು ಡಾಕ್ಟರು. ಅಷ್ಟರಲ್ಲೇ ದುರ್ಗಪ್ಪನ ಮಗ ರವಿಕಿರಣ, ಪುನರ್ವಸತಿ ಕಾಲನಿಯಲ್ಲಿ ಮನೆತನಕ್ಕೆ ಸಿಕ್ಕ ಜಾಗವನ್ನು ಎರಡು ಮನೆಗೆ ಹಂಚುವ ಪತ್ರ ತಂದ.

"ನಾ ಓದಿ ಹೇಳ್ತೆ. ನೀ ಸಹಿ ಹಾಕು ದೊಡ್ಡಾಯಿ."

"ನಾಲ್ಕ್ ದಿನ ತಡಿ" ಎಂದ ಹೀರಾ ಕನ್ನಡಕದಂಗಡಿಗೆ ಹೋದಳು.

ಅಂಗಡಿಯ ಪುಂಡಲೀಕ ಶೇಟರದು ಅಕ್ಕಸಾಲಿ ಮನೆತನ. "ಮೂಗೂ ಬ್ಯಾಡ, ಕಿವೀನೂ ಬ್ಯಾಡ. ಕೈಯಲ್ಲಿ ಹಿಡ್ಕಂಡ್ರೆ ಆಯ್ತಲ್ಲ?" ಎಂದವರೇ ಕನ್ನಡಕದ ಕಡ್ಡಿಗಳನ್ನು ಕಳಚಿ, ಒಂದು ಬದಿಗೆ ಗೇಣುದ್ದದ ಹಿತ್ತಾಳೆ ಸರಳು ಬೆಸೆದು ಕೊಟ್ಟರು.

ಕಣ್ಣು ಪರೀಕ್ಷೆ ಮಾಡುವ ಅವರ ಮಗಳು ರಂಜನಾಳಿಗೆ ನಗು ಬಂತು. "ಹಿಂದೆ ಯುರೋಪಿನ ಶ್ರೀಮಂತ ಹೆಂಗಸ್ರು ಹಿಂಗೇ ಹಿಡ್ಕೊಳ್ತಿದ್ರು, ಹೀರಕ್ಕಾ. ಇದ್ಕೆ ಲಾರ್ನ್ಯೆಟ್ ಅಂತಾರೆ, ಫ್ರೆಂಚ್ ಶಬ್ದ. ಓರೆಗಣ್ಣಲ್ಲಿ ನೋಡೂದು ಅನ್ನೋ ಮಾತಿಂದ ಬಂದದ್ದು."

"ಓರೆಗಣ್ಣೆಂತಕ್ಕೆ? ನಂಗೆ ನೆಟ್ಟಗೆ ನೋಡೂಕೆ ಬೇಕು" ಎಂದಳು ಹೀರಾ.

ಭಾನುವಾರ ಜಗಲಿಯಲ್ಲಿ ಕೂತು, ಎಡಗೈಯಲ್ಲಿ ಹಿಡಿಕೆ ಹಿಡಿದು, ಬಲಗೈ ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಓದತೊಡಗಿದಳು. ಎದುರು ಕೂತ ರವಿಕಿರಣನ ಮುಖ ಸಣ್ಣದಾಯಿತು.

"ನನ್ ಮೇಲೂ ನಂಬ್ಕೆ ಇಲ್ವಾ?"

ಹೀರಾ ಕಣ್ಣೆತ್ತಿದಳು. ಅಂದು ಇವನಿನ್ನೂ ಏಳು ವರ್ಷದ ಹುಡುಗ, ಇವನದೇನು ತಪ್ಪು? ಹಾಗೆಂದುಕೊಂಡರೂ ಬೆರಳು ನಿಲ್ಲಲಿಲ್ಲ. ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಒಂದು ಗಂಟೆಯೇ ಕಳೆದಿತ್ತು. ಅಲ್ಲಿ, ಬಾವಿಯಿರುವ ಬದಿಯನ್ನು ಅವನು ಅವಳ ಪಾಲಿಗೇ ಬರೆಸಿದ್ದ. ಬಾಯಿಬಿಟ್ಟು ಒಂದು ಮಾತೂ ಹೇಳಿರಲಿಲ್ಲ.

ಹೀರಾಳಿಗೆ ನಾಚಿಕೆಯಾಯಿತು. ಓದಿದ್ದಕ್ಕೆ ಮಾತ್ರ ಬೇಸರವಾಗಲಿಲ್ಲ.

"ನಂಬ್ಕೆ ಈಗ ಬಂತು ಮಗಾ. ನಾನೇ ಓದಿದ್ದಕ್ಕೆ ಬಂತು" ಎಂದು ಹೇಳಿ, ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಅವನ ಮುನಿಸು ಅಷ್ಟು ಬೇಗ ಇಳಿಯಲಿಲ್ಲ. ಆದರೂ ಆಕೆ ಬಂಗಡೆ ಸಾರು ಬಡಿಸಿದಾಗ ಎದ್ದು ಹೋಗದೆ ಊಟಕ್ಕೆ ಕೂತ.