ಅಪ್ಪ ಮಸಾಲೆ ದೋಸೆ ಬಿಟ್ಟಿದ್ದು ಯಾಕೆ

ಊಟ ಮುಗಿಸಿ ಎದ್ದು ಹೋದವರ ತಟ್ಟೆ ನೋಡುವ ಚಟ ನನಗೆ. ಮುಖ ಮರೆಯುತ್ತೇನೆ, ತಟ್ಟೆ ಮರೆಯುವುದಿಲ್ಲ. ಕುಣಿಗಲ್ ಬೈಪಾಸಿನ ಪಕ್ಕದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ನಾನು ಕ್ಯಾಪ್ಟನ್. ಹೆಸರು ಕೇಳಿ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಆರ್ಡರ್ ಬರೆದುಕೊಳ್ಳುವುದು, ಸಪ್ಲೈಯರ್‌ಗಳನ್ನು ಓಡಿಸುವುದು, ಧರ್ಮಸ್ಥಳಕ್ಕೆ ಹೋಗುವ ಬಸ್ಸುಗಳು ಒಟ್ಟಿಗೆ ಬಂದು ನಿಂತರೆ ನಾನೇ ಟ್ರೇ ಹಿಡಿದು ಓಡುವುದು, ಇಷ್ಟೇ.

ಆದರೆ ತಟ್ಟೆಗಳು ಎಷ್ಟೊಂದು ಹೇಳುತ್ತವೆ ಅಂತೀರಿ. ಕರಿಬೇವನ್ನು ಅಂಚಿಗೆ ಸಾಲಾಗಿ ಜೋಡಿಸಿಟ್ಟು ಹೋಗುವವರಿದ್ದಾರೆ. ತಿನ್ನಲಾಗದ ಉಪ್ಪಿಟ್ಟನ್ನು ಚಟ್ನಿ ಬಟ್ಟಲಿನ ಕೆಳಗೆ ಬಚ್ಚಿಡುವವರಿದ್ದಾರೆ, ಅವರ ಅಮ್ಮ ಎಲ್ಲೋ ಕಂಬದ ಹಿಂದೆ ನಿಂತು ನೋಡುತ್ತಿದ್ದಾರೇನೋ ಎಂಬಂತೆ. ದಾರಿಯಲ್ಲಿ ಜಗಳವಾಡಿಕೊಂಡು ಬಂದ ಗಂಡ ಹೆಂಡತಿಯನ್ನು ತಟ್ಟೆಯಲ್ಲೇ ಗುರುತು ಹಿಡಿಯಬಹುದು. ಒಂದು ನೆಕ್ಕಿದ ಹಾಗಿರುತ್ತದೆ, ಇನ್ನೊಂದು ಮುಟ್ಟದ ಹಾಗೆ. ಇನ್ನು ಕೆಲವರು ತಟ್ಟೆಯ ಮೇಲೆ ತಟ್ಟೆ ಜೋಡಿಸಿ, ಎಂಜಲನ್ನೆಲ್ಲ ಒಂದಕ್ಕೇ ಸುರಿದು, ಚೆಲ್ಲಿದ ಸಾಂಬಾರನ್ನು ಒರೆಸಿ ಹೋಗುತ್ತಾರೆ. ಇವರು ಯಾರಿರಬಹುದು ಎಂದು ಬಹಳ ದಿನ ಗಮನಿಸಿದೆ. ಹೆಚ್ಚಿನವರು ಹೆಂಗಸರು.

ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋಗುವವರೂ ಇದ್ದಾರೆ. ನಮ್ಮ ಮಾಲೀಕರಿಗೆ ಅವರನ್ನು ಕಂಡರೆ ಮೈಯೆಲ್ಲ ಉರಿ. ವಾಶ್ ಬೇಸಿನ್ ಅಲ್ಲೇ ಕಣ್ಣೆದುರಿಗೆ ಇದ್ದರೂ ಲೋಟದ ನೀರನ್ನು ತಟ್ಟೆಗೆ ಬಗ್ಗಿಸಿಕೊಂಡು, ಬೆರಳು ಜಾಲಾಡಿಸಿ, ಟವೆಲ್ಲಿಗೆ ಒರೆಸಿಕೊಳ್ಳುತ್ತಾರೆ. ಆ ತುಂಬಿದ ತಟ್ಟೆಯನ್ನು ತುಳುಕಿಸದೆ ಒಳಗೆ ಸಾಗಿಸುವುದೇ ಒಂದು ವಿದ್ಯೆ. ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ನಮ್ಮ ಕಡೆಯವರು ಅಂತ ತಕ್ಷಣ ಗೊತ್ತಾಗುತ್ತದೆ. ನಮ್ಮಪ್ಪ ಮನೆಯಲ್ಲಿ ಉಂಡು ಏಳುವುದು ಹಾಗೆಯೇ.

ನಮ್ಮದು ಗುಬ್ಬಿಯ ಹತ್ತಿರ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಯಾವುದಕ್ಕೂ ಪರದಾಡಬೇಕಾಗಿಲ್ಲದ ಸಂಸಾರ. ನಾನು ತುಮಕೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾಕ್ಕೆ ಸೇರಿದಾಗ ಅಪ್ಪನ ಕಿವಿಗೆ ಬಿದ್ದಿದ್ದು ಎರಡನೆಯ ಪದ ಮಾತ್ರ. ಮ್ಯಾನೇಜ್‌ಮೆಂಟ್ ಎಂದರೆ ಒಂದು ಕುರ್ಚಿ, ಮೇಲೊಂದು ಫ್ಯಾನು, ಎದುರಿಗೆ ನಿಂತ ನಾಲ್ಕು ಜನ. ರಜಕ್ಕೆ ಬಂದಾಗ ಟೇಬಲ್ ಮೇಲಿಡುವ ಕೈ ಒರೆಸುವ ಬಟ್ಟೆಯನ್ನು ತಾವರೆ ಹೂವಿನಂತೆ ಮಡಿಸುವುದನ್ನು ತೋರಿಸಿದೆ. ಅಪ್ಪ ಅದನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಓಡಾಡಿದರು. ಎಡಗಡೆಯಿಂದ ಬಡಿಸಬೇಕು, ಬಲಗಡೆಯಿಂದ ತಟ್ಟೆ ತೆಗೆಯಬೇಕು ಎಂದು ಕಾಲೇಜಿನಲ್ಲಿ ಕಲಿಸಿದ್ದನ್ನು ಮಾತ್ರ ತೋರಿಸಲು ಆಗಲಿಲ್ಲ. ತಟ್ಟೆ ತೆಗೆಯುವಷ್ಟರಲ್ಲಿ ಅಮ್ಮ ಬಂದು ಎತ್ತಿಕೊಂಡು ಹೋಗಿರುತ್ತಿದ್ದಳು.

ಕೆಲಸಕ್ಕೆ ಸೇರಿದ ಕೆಲವು ತಿಂಗಳಿಗೆ ಬೆಂಗಳೂರಿನ ನಮ್ಮ ಸಂಬಂಧಿಕರೊಬ್ಬರು ಧರ್ಮಸ್ಥಳದ ದಾರಿಯಲ್ಲಿ ನಮ್ಮ ಹೋಟೆಲಿಗೆ ಬಂದರು. ಟ್ರೇ ತುಂಬ ಎಂಜಲು ತಟ್ಟೆ ಹೊತ್ತು ನಡೆಯುತ್ತಿದ್ದ ನನ್ನನ್ನು ಕಣ್ತುಂಬ ನೋಡಿಕೊಂಡು ಹೋದರು. ದೇವರ ದರ್ಶನಕ್ಕಿಂತ ಮೊದಲು ಅಪ್ಪನಿಗೆ ಫೋನು ಹೋಯಿತು. ಅಪ್ಪ ಬೈಯಲಿಲ್ಲ, ಕೂಗಾಡಲಿಲ್ಲ. ನಾನು ಊರಿಗೆ ಹೋದಾಗ, ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿ ಕಡೆ ಯಾವುದಾದರೂ ಆಫೀಸು ಕೆಲಸ ಸಿಗುತ್ತದೇನೋ ವಿಚಾರಿಸು ಎಂದರು, ಅಷ್ಟೇ. ಮಗಳು ಏನು ಮಾಡುತ್ತಿದ್ದಾಳೆ ಎಂದು ಊರಲ್ಲಿ ಯಾರಾದರೂ ಕೇಳಿದರೆ, ಕುಣಿಗಲ್‌ನಲ್ಲಿ ಕಂಪನಿ ಎನ್ನತೊಡಗಿದರು. ಯಾವ ಕಂಪನಿ ಎಂದು ಮುಂದೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅದೇ ಸಮಯಕ್ಕೆ ಇನ್ನೊಂದು ವಿಚಿತ್ರ ನಡೆಯಿತು. ಅಪ್ಪ ಮಸಾಲೆ ದೋಸೆ ಬಿಟ್ಟರು.

ಇದು ಸಣ್ಣ ಮಾತಲ್ಲ. ಸಂತೆಯ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಗುಬ್ಬಿಗೆ ಹೋಗಿ, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿನಲ್ಲಿ ಬೆಣ್ಣೆ ಹಾಕಿಸಿಕೊಂಡು ಮಸಾಲೆ ದೋಸೆ ತಿಂದು ಬರುವುದು ಅಪ್ಪನ ಬದುಕಿನ ಏಕೈಕ ಶೋಕಿ. ಸಂತೆಯಲ್ಲಿ ಕೊಳ್ಳುವುದೇನೂ ಇಲ್ಲದಿದ್ದರೂ ಹೋಗುತ್ತಿದ್ದರು. ಈಗ ಸಂತೆಯಿಂದ ಹಸಿದುಕೊಂಡು ಬಂದು ಮುದ್ದೆಗೆ ಕೂರುತ್ತಾರೆ ಎಂದು ಅಮ್ಮ ಫೋನಿನಲ್ಲಿ ಹೇಳಿದಳು. ಯಾಕೆ ಎಂದು ಕೇಳಿದರೆ, ಯಾಕೋ ಸೇರಲ್ಲ ಎನ್ನುತ್ತಾರಂತೆ.

ನನಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಡಾಕ್ಟರು ಎಣ್ಣೆ ಬೇಡ ಎಂದರೇ? ಹಾಗಿದ್ದರೆ ಮನೆಯ ಬೋಂಡಾವನ್ನೂ ಬಿಡಬೇಕಿತ್ತು, ಅದನ್ನು ಬಿಟ್ಟಿರಲಿಲ್ಲ. ಹಲ್ಲು ನೋವೇ? ಕಬ್ಬು ಸಿಗಿಯುತ್ತಿದ್ದರು. ಹೋಟೆಲಿನವರ ಜೊತೆ ಮನಸ್ತಾಪವೇ? ರಜೆಯ ದಿನ ನಾನೇ ಗುಬ್ಬಿಯ ಆ ಹೋಟೆಲಿಗೆ ಹೋದೆ. ಒಂದು ಮಸಾಲೆ ದೋಸೆ ತಿಂದೆ, ಚೆನ್ನಾಗಿಯೇ ಇತ್ತು. ನಾನು ಯಾರ ಮಗಳೆಂದು ಗೊತ್ತಾದದ್ದೇ ತಡ, ಮಾಲೀಕರು ಗಲ್ಲಾ ಬಿಟ್ಟು ಎದ್ದು ಬಂದರು. ಅವರಿಗೂ ಅದೇ ಚಿಂತೆ. ಅವತ್ತು ಚಟ್ನಿ ಏನಾದರೂ ಹಳಸಿತ್ತೇ ಎಂದು ನನ್ನನ್ನೇ ಕೇಳಿದರು. ಹಳಸುವ ಮಾತೇ ಇಲ್ಲ, ಕಾಯಿ ನಿಮ್ಮ ತೋಟದ್ದೇ ಎಂದೂ ಸೇರಿಸಿದರು. ಕೊನೆಯ ಸಲ ಬಂದಾಗ ಅಪ್ಪ ಅರ್ಧ ದೋಸೆ ತಿಂದು ಸುಮ್ಮನೆ ಕೂತಿದ್ದರಂತೆ. ಟೇಬಲ್ ಒರೆಸಲು ಹೊಸದಾಗಿ ಸೇರಿದ್ದ ಹುಡುಗಿ ಬಂದು ಆಯ್ತಾ ಎಂದು ಕೇಳಿದ ಕೂಡಲೇ ದುಡ್ಡು ಕೊಟ್ಟು ಎದ್ದುಹೋದರಂತೆ. ಆಕೆ ಏನಾದರೂ ಒರಟಾಗಿ ಮಾತಾಡಿದಳೇ ಎಂದು ವಿಚಾರಿಸಿದೆ. ಪಾಪ, ನಿಮ್ಮ ವಯಸ್ಸಿನವಳು, ತಲೆ ಎತ್ತಿ ಮಾತಾಡಲ್ಲ ಎಂದರು. ತಟ್ಟೆ ನೋಡಿ ಜಗತ್ತನ್ನೇ ಅರಿತೆ ಎಂದುಕೊಂಡಿದ್ದ ನನಗೆ ಅಪ್ಪ ಬಿಟ್ಟು ಹೋದ ಆ ಅರ್ಧ ದೋಸೆ ಏನೂ ಹೇಳಲಿಲ್ಲ.

ಈ ನಡುವೆ ನಮ್ಮ ಮಾಲೀಕರು ತುಮಕೂರಿನಲ್ಲಿ ಇನ್ನೊಂದು ಹೋಟೆಲು ತೆರೆಯಲು ಹೊರಟರು. ಅಲ್ಲಿನ ಮ್ಯಾನೇಜರ್ ಆಗುತ್ತೀಯಾ ಎಂದು ನನ್ನನ್ನು ಕೇಳಿದರು. ಆಸೆಯಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಬಹಳ ಆಸೆಯಾಯಿತು. ಆದರೆ ತುಮಕೂರು ಕುಣಿಗಲ್ ಅಲ್ಲ. ಆಸ್ಪತ್ರೆ, ಕೋರ್ಟು, ಮದುವೆ ಸೀರೆ, ಎಲ್ಲಕ್ಕೂ ಗುಬ್ಬಿಯವರು ಹೋಗುವುದು ಅಲ್ಲಿಗೇ. ಊರಿನ ಅರ್ಧ ಜನ ನನ್ನ ಟೇಬಲಿನಲ್ಲಿ ಕೂತು ಕಾಫಿ ಕುಡಿಯುತ್ತಾರೆ. ಅಪ್ಪನ ಕಂಪನಿ ಒಂದೇ ದಿನದಲ್ಲಿ ಮುಚ್ಚಿಹೋಗುತ್ತದೆ. ಅಪ್ಪ ಒಪ್ಪದೆ ನಾನು ಅಲ್ಲಿ ಹೋಗಿ ನಿಂತರೆ ಅವರು ಊರಲ್ಲಿ ತಲೆ ತಗ್ಗಿಸಿ ನಡೆಯಬೇಕು, ನಾನು ಊರಿಗೆ ಹೋಗುವುದನ್ನೇ ಕಡಿಮೆ ಮಾಡಬೇಕು. ಅದಕ್ಕೆ ಮನಸ್ಸಿರಲಿಲ್ಲ. ಮಾಲೀಕರಿಂದ ತಿಂಗಳ ಕೊನೆಯವರೆಗೆ ಟೈಮು ಕೇಳಿದೆ. ಅಷ್ಟರಲ್ಲಿ ಅಪ್ಪ ಒಂದು ಸಲ ಬಂದು ನಾನು ಕೆಲಸ ಮಾಡುವಲ್ಲಿ ಊಟ ಮಾಡಬೇಕು, ನನ್ನ ಕೈಯಲ್ಲಿ ಬಡಿಸಿಕೊಳ್ಳಬೇಕು. ಮಾಡಿದರೆ ತುಮಕೂರು, ಇಲ್ಲದಿದ್ದರೆ ಇಲ್ಲ ಎಂದು ನನ್ನಷ್ಟಕ್ಕೆ ಗಟ್ಟಿ ಮಾಡಿಕೊಂಡೆ.

ಕರೆದರೆ ಅಪ್ಪ ಬರುವವರಲ್ಲ. ಹಿಂದೊಮ್ಮೆ ಕುಣಿಗಲ್‌ಗೆ ಬಂದಾಗಲೂ ರಸ್ತೆಯ ಆಚೆ ನಿಂತು ಟೀ ಕುಡಿದು, ನನ್ನನ್ನು ಅಲ್ಲಿಗೇ ಕರೆಸಿ, ಒಂದು ಚೀಲ ಎಳನೀರು ಕೊಟ್ಟು ಹೋಗಿದ್ದರು. ಈ ಸಲ ಅಮ್ಮ ಸಹಾಯಕ್ಕೆ ನಿಂತಳು. ಹುಲಿಯೂರುದುರ್ಗದಲ್ಲಿ ನಮ್ಮ ಸೋದರತ್ತೆ ಕಾಲು ಮುರಿದುಕೊಂಡು ಮಲಗಿದ್ದರು. ಅವರನ್ನು ನೋಡಿಕೊಂಡು ವಾಪಸ್ ಬರುವಾಗ ಕುಣಿಗಲ್‌ನಲ್ಲಿ ಬಸ್ ಬದಲಿಸಬೇಕು. ಅಪ್ಪನನ್ನು ಒಬ್ಬರನ್ನೇ ಕಳಿಸಿ, ಹೊರಟ ಮೇಲೆ ನನಗೆ ಫೋನು ಮಾಡಿದಳು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ, ಏನೂ ಹೇಳದೆ ಸ್ಕೂಟರ್ ಮೇಲೆ ಕೂರಿಸಿಕೊಂಡೆ. ಬಸ್ಸು ಅಂದರು. ಆಮೇಲೆ ಇನ್ನೊಂದಿದೆ ಅಂದೆ. ಬೈಪಾಸಿನ ಕಡೆ ತಿರುಗಿದಾಗ ಹಿಂದೆ ಕೂತವರು ನನ್ನ ಹೆಗಲು ಬಿಗಿಯಾಗಿ ಹಿಡಿದುಕೊಂಡರು.

ಮೂಲೆಯ ಟೇಬಲಿನಲ್ಲಿ ಕೂರಿಸಿದೆ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಪಲ್ಯ ತಂದು ಎಡಗಡೆಯಿಂದಲೇ ಬಡಿಸಿದೆ. ಅಪ್ಪ ಸುತ್ತ ನೋಡಿದರು. ಮದುವೆ ಮನೆಗೆ ಬೇಗ ಬಂದುಬಿಟ್ಟ ನೆಂಟರ ಹಾಗೆ ಅಂಚಿನಲ್ಲಿ ಕೂತಿದ್ದರು. ಮೊದಲ ತುತ್ತು ನುಂಗಿ, ಮುದ್ದೆ ಇನ್ನೊಂಚೂರು ಬೇಯಬೇಕಿತ್ತು ಎಂದರು. ನನಗೆ ಜೀವ ಬಂತು. ಅಪ್ಪ ತಪ್ಪು ಹುಡುಕುತ್ತಿದ್ದಾರೆ ಎಂದರೆ ಊಟ ಸೇರುತ್ತಿದೆ ಎಂದೇ ಅರ್ಥ. ಸಾರು ಎರಡನೇ ಸಲ ಹಾಕಿಸಿಕೊಂಡರು. ಅನ್ನಕ್ಕೆ ಮಜ್ಜಿಗೆ ಬೇಕೆಂದರು. ನಾನು ಒಳಗೊಳಗೇ ತುಮಕೂರಿಗೆ ಹೊರಟುಬಿಟ್ಟಿದ್ದೆ.

ಊಟ ಮುಗಿಯಿತು. ಅಭ್ಯಾಸಬಲದಿಂದ ಅಪ್ಪ ಲೋಟ ಎತ್ತಿ ತಟ್ಟೆಯ ಮೇಲೆ ಬಗ್ಗಿಸಲು ಹೋದರು. ನಾನೂ ಅಭ್ಯಾಸಬಲದಿಂದ ಬಲಗಡೆಗೆ ಬಂದು ತಟ್ಟೆಗೆ ಕೈ ಚಾಚಿದೆ. ಅಪ್ಪ ನನ್ನ ಕೈ ನೋಡಿದರು. ಲೋಟ ಹಾಗೇ ಕೆಳಗಿಟ್ಟರು. ಎಡಗೈಯಲ್ಲಿ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಕೊಡಿ ಅಪ್ಪ," ಅಂದೆ.

"ಬುಡು ಮಗ," ಅಂದರು. ದನಿ ತೀರಾ ಸಣ್ಣದಾಗಿತ್ತು. "ಗುಬ್ಬೀಲಿ ದೋಸೆ ತಿನ್ನಕ್ಕೋದ್ರೂ ತಟ್ಟೆ ಎತ್ತಕ್ಕೆ ಬಂದೋರ ಕೈ ನೋಡಿದ್ರೆ ನಿನ್ ಕೈಯೇ ಕಂಡಂಗಾಗ್ತದೆ. ಗಂಟ್ಲಲ್ಲಿ ಇಳಿಯಾಕಿಲ್ಲ."

ಅಷ್ಟು ದಿನ ಹುಡುಕಿದ ಉತ್ತರ ಅದು. ಸಿಕ್ಕಿದ ಖುಷಿ ಒಂದು ಚೂರೂ ಆಗಲಿಲ್ಲ. ಕಣ್ಣು ತುಂಬಿತು. ಅಪ್ಪ ತಟ್ಟೆ ಎತ್ತಿಕೊಂಡು ಎದ್ದೇಬಿಟ್ಟರು. ಬಚ್ಚಲು ಎಲ್ಲಿ ಎಂದು ಕೇಳಿದರು. ಹೋಟೆಲಿನಲ್ಲಿ ಬಚ್ಚಲು ಕೇಳಿದವರನ್ನು ನಾನು ಅದೇ ಮೊದಲು ಕಂಡಿದ್ದು. ಪಕ್ಕದ ಟೇಬಲಿನವರು ತಿನ್ನುವುದನ್ನು ಬಿಟ್ಟು ನೋಡಿದರು. ಕ್ಯಾಶ್ ಕೌಂಟರಿನಿಂದ ಮಾಲೀಕರೂ ಕತ್ತು ಚಾಚಿದರು. ಇದೇ ಅಪ್ಪ, ನಮ್ಮ ಮನೆಗೆ ಬಂದ ನೆಂಟರು ತಟ್ಟೆ ಎತ್ತಲು ಹೋದರೆ, ನಮ್ಮನೇಲಿ ಹೆಂಗಸರಿಲ್ವಾ ಎಂದು ಗದರಿ ಕೂರಿಸುವವರು. ಅದು ನೆನಪಾಗಿದ್ದೇ, ತುಂಬಿದ್ದ ಕಣ್ಣಿನ ಹಿಂದೆಯೇ ನನ್ನ ಹಳೇ ಕುತೂಹಲವೂ, ಅದರ ಜೊತೆಗೆ ಸ್ವಲ್ಪ ಸಿಟ್ಟೂ ಎದ್ದು ಬಂತು.

"ಮನೇಲಿ ದಿನಾ ಅಮ್ಮ ಎತ್ತಲ್ವಾ ಅಪ್ಪ? ಅವಳ ಕೈ ಕಂಡ್ರೆ ಗಂಟ್ಲಲ್ಲಿ ಇಳೀತದಾ?"

ಅವರನ್ನು ಸೋಲಿಸಬೇಕೆಂದು ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ಅಪ್ಪ ತಟ್ಟೆ ಹಿಡಿದುಕೊಂಡೇ ನಿಂತರು. ಮಜ್ಜಿಗೆಯ ಹನಿಯೊಂದು ಅಂಚಿನಿಂದ ಅವರ ಪಂಚೆಯ ಮೇಲೆ ಬಿತ್ತು. ನಾನೇ ದಾರಿ ತೋರಿಸಿದೆ. ಪಾತ್ರೆ ತೊಳೆಯುವ ಹೆಂಗಸರು ಕಕ್ಕಾಬಿಕ್ಕಿಯಾಗಿ ಜಾಗ ಬಿಟ್ಟರು. ಅಪ್ಪ ತಟ್ಟೆಯನ್ನು ಒಂದು ಒಡೆಯುವ ವಸ್ತುವಿನಂತೆ ಕೆಳಗಿಟ್ಟು, ಅಲ್ಲಿ ಪೇರಿಸಿದ್ದ ತಟ್ಟೆಗಳ ರಾಶಿಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರು. ಬಸ್ ಹತ್ತುವಾಗ ಹುಷಾರು ಎಂದಷ್ಟೇ ಹೇಳಿ ಹೋದರು. ಕೆಟ್ಟಿತು, ತುಮಕೂರು ತಪ್ಪಿತು, ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ ಎಂದು ನನ್ನನ್ನೇ ಬೈದುಕೊಂಡೆ.

ಮಾರನೆಯ ದಿನ ಮಧ್ಯಾಹ್ನ, ಊಟದ ರಷ್ಷು ಇನ್ನೂ ಇಳಿಯದಿದ್ದಾಗ, ಅಮ್ಮನ ಫೋನು ಬಂತು. ದನಿಯಲ್ಲಿ ಗಾಬರಿ.

"ನಿಮ್ಮಪ್ಪಂಗೆ ಏನ್ ತಿನ್ಸಿ ಕಳ್ಸಿದ್ಯೇ? ಉಂಡವ್ರು ತಟ್ಟೇಲಿ ಕೈ ತೊಳೀಲಿಲ್ಲ ಕಣೇ. ತಾವೇ ಎತ್ಕಂಡು ಬಚ್ಚಲಿಗೋದ್ರು. ಎಲ್ಲಿ ಇಕ್ಕೋದು ಅಂತ ನನ್ನ ಕೇಳ್ತಾರೆ. ಮೈ ಮುಟ್ ನೋಡ್ದೆ, ಜ್ವರ ಇಲ್ಲ."

ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಅಡಿಗೆಮನೆಯ ಬಾಗಿಲಿಗೆ ಒರಗಿಕೊಂಡು, ನೀನೇನು ಮಾಡಿದೆ ಎಂದು ಕೇಳಿದೆ. ಏನು ಮಾಡುವುದು, ಎತ್ತಲು ಚಾಚಿದ್ದ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ಗೊತ್ತಾಗದೆ ಸುಮ್ಮನೆ ನಿಂತಿದ್ದೆ ಎಂದಳು. ಅಪ್ಪ ಏನಾದರೂ ಹೇಳಿದರೇ ಎಂದು ಕೇಳಿದೆ. ಆ ಹೊತ್ತಿಗೆ ಪಕ್ಕದ ತೋಟದವರು ಕಾಯಿ ವ್ಯಾಪಾರ ಮಾತಾಡಲು ಬಂದಿದ್ದರಂತೆ. ಅಪ್ಪ ತಟ್ಟೆ ಹಿಡಿದು ಹಿತ್ತಲ ಬಚ್ಚಲಿಗೆ ಹೊರಟಿದ್ದನ್ನು ಕಂಡು, ಇದೇನು ಹೊಸ ಕೆಲಸ ಎಂದು ನಕ್ಕರಂತೆ.

"ನಮ್ ಮಗ್ಳು ಹೋಟ್ಲಲ್ಲಿ ದಿನಾ ಮಾಡೋ ಕೆಲ್ಸ ಕಣಯ್ಯ, ಅಂದ್ರು ಕಣೇ. ಅವ್ರ ಎದುರ್ಗೇ."