ಡಿಸೇಲ್ ಪಾಯಗೌಡರು

ಶಿರಗುಪ್ಪಿಯ ಪಾಯಗೌಡರಿಗೆ ಕಬ್ಬಿನ ದರಕ್ಕಿಂತ, ತಾವು ಕೊಳ್ಳಬೇಕೆಂದಿದ್ದ, ಹೊಸ ರೂಪದಲ್ಲಿ ಬರಲಿದ್ದ ಸೆಡಾನ್ ಕಾರಿನ ಎಂಜಿನ್ನಿನದೇ ಹೆಚ್ಚು ಚಿಂತೆ. ಚಹಾದಂಗಡಿಯಲ್ಲಿ ಯಾರಾದರೂ "ಈ ಸಲ ಬರೇ ಹೈಬ್ರಿಡ್ ಅಂತರಿ, ಸಪ್ಪಳನ ಇಲ್ಲ" ಎಂದರೆ ಸಾಕು, ಚಹಾದ ಬಸಿ ಕೆಳಗಿಟ್ಟು "ಸಪ್ಪಳ ಇಲ್ಲದ್ದು ಗಾಡಿ ಏನಲೇ? ಡಿಸೇಲ್ ಬೇಕು!" ಎಂದು ಗುಡುಗುವರು. ಮದುವೆಗೆ ಹೋದರೂ ಅಕ್ಷತೆ ಹಾಕುವ ಮೊದಲು ಮದುಮಗನ ಕಾರಿನ ಬಾನೆಟ್ ಎತ್ತಿಸುವರು. ಊರಿಗೆಲ್ಲ ಹೇಳುವ ಕಾರಣ ಮೈಲೇಜು, ಒಳಗಿನದು ಬೇರೆ. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ ಅದು. ಊರಾಚೆಯ ತಿರುವಿನಲ್ಲಿ ಗೌಡರ ಹಳೆ ಡಿಸೇಲ್ ಕಾರಿನ ಸಪ್ಪಳ ಕೇಳಿದೊಡನೆ ಹೆಂಡತಿ ಸುಲೋಚನಾ, ಹೊತ್ತು ಮುಳುಗುವುದರೊಳಗೆ ಬಿಸಿ ರೊಟ್ಟಿ ಬಡಿಸಲೆಂದು, ಒಲೆಗೆ ತವಾ ಇಡುತ್ತಾಳೆ. ನಿನ್ನೆ, ಹೊಸ ಕಾರಿನಲ್ಲೂ ಡಿಸೇಲ್ ಉಳಿಯಿತೆಂಬ ಸುದ್ದಿ ಹೊತ್ತು ಬಂದಾಗಲೂ ರೊಟ್ಟಿ ಉಬ್ಬುತ್ತಿತ್ತು. ಕಾರಿನ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದ ಸುಲೋಚನಾ ಸೆರಗಿನಿಂದ ಹಣೆ ಒರೆಸಿಕೊಂಡು ಅಂದಳು: "ಸದ್ಯ! ನನಗೂ ಅದರದ ಚಿಂತಿ ಹತ್ತಿತ್ರಿ."